ಬೀಗ ನನ್ನ ಬ್ಯಾಗಿನಲ್ಲಿದೆ

ಹಿತ್ತಾಳೆಯ ಬೀಗ, ಅಂಗೈಯಷ್ಟು ಅಗಲ. ಹಳ್ಳಿ ತಿರುಗುವಾಗ ಹೆಗಲಿಗೆ ಹಾಕಿಕೊಳ್ಳುವ ನನ್ನ ಬ್ಯಾಗಿನಲ್ಲಿ, ಬಿ.ಪಿ. ನೋಡುವ ಯಂತ್ರದ ಪಕ್ಕದಲ್ಲೇ ಇದೆ. ಯಾರದ್ದೋ ಬೀಗ, ವಾಪಸ್ ಕೊಟ್ಟುಬಿಡು ಎಂದು ತಾಲ್ಲೂಕಿನ ನಮ್ಮ ಸಾಹೇಬರು ಹೇಳಿಹೇಳಿ ಸಾಕಾಗಿದ್ದಾರೆ. ಕೊಟ್ಟಿಲ್ಲ. ಕೊಡುವುದಿಲ್ಲ ಎಂದು ಅವರ ಟೇಬಲ್ಲಿನ ಮುಂದೆ ನಿಂತೇ ಹೇಳಿ ಬಂದಿದ್ದೇನೆ.

ನಾನು ಆರೋಗ್ಯ ಇಲಾಖೆಯ ಸಿಸ್ಟರ್. ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಕೆಲಸ ಮಾತ್ರ ತಿಕೋಟಾದಲ್ಲಿ ಬಸ್ಸು ಬದಲಿಸಿ ಬಬಲೇಶ್ವರದ ಕಡೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಮನೆ ಬಿಡುವಾಗ ಅರ್ಧ ಕಪ್ ಚಹಾ ಕುಡಿದರೆ ಮುಗಿಯಿತು, ಸಂಜೆ ಮನೆಗೆ ಬರುವವರೆಗೆ ಬಾಯಿಗೆ ನೀರು ಹಾಕುವುದಿಲ್ಲ. ಯಾಕೆಂದರೆ ತಿಕೋಟಾ ಬಸ್‌ಸ್ಟ್ಯಾಂಡ್ ಬಿಟ್ಟ ಮೇಲೆ ತೋಟ, ಹೊಲ, ಓಣಿ ಸುತ್ತುವ ಹೆಂಗಸಿಗೆ ಒಂದಕ್ಕೆ ಹೋಗಲು ಜಾಗವಿಲ್ಲ. ನನ್ನವ್ವ ಕೂಲಿಗೆ ಹೋಗುತ್ತಿದ್ದಾಗಲೂ ಇದೇ ಕಥೆ. ಸಂಜೆ ಬಂದವಳೇ ಹೊಸ್ತಿಲು ದಾಟುವ ಮೊದಲೇ ಒಂದು ತಂಬಿಗೆ ನೀರನ್ನು ನಿಂತಲ್ಲೇ ಗಟಗಟ ಕುಡಿಯುತ್ತಿದ್ದಳು. ಮಗಳು ಓದಿ, ಸರ್ಕಾರಿ ನೌಕರಿ ಹಿಡಿದು, ಮತ್ತೆ ಅದೇ ತಂಬಿಗೆಯ ಮುಂದೆ ಹಾಗೆಯೇ ನಿಲ್ಲುತ್ತಾಳೆ. ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಕಡೆ ಈಗ ಎತ್ತ ನೋಡಿದರೂ ದ್ರಾಕ್ಷಿ. ಮೊದಲು ಜೋಳವಿತ್ತು. ಆಳೆತ್ತರ ಬೆಳೆದ ಜೋಳದ ನಡುವೆ ಹೋಗಿ ಕೂತವಳು ದೇವರಿಗೂ ಕಾಣುತ್ತಿರಲಿಲ್ಲ. ದ್ರಾಕ್ಷಿ ಹಾಗಲ್ಲ. ಎಲೆ, ಗೊನೆ ಎಲ್ಲ ತಲೆಯ ಮೇಲೆ ತಂತಿಯ ಚಪ್ಪರದಲ್ಲಿ. ಕೆಳಗೆ ಬರೀ ಬೋಳು ಕಾಂಡ. ಸ್ವಲ್ಪ ಬಗ್ಗಿದರೆ ಸಾಕು, ತೋಟದ ಆ ತುದಿಯಲ್ಲಿ ಯಾರ ಕಾಲು ಎಲ್ಲಿದೆ ಎಂದು ಈ ತುದಿಯಿಂದ ಹೇಳಬಹುದು. ಔಷಧ ಹೊಡೆಯುವ ಗಂಡಾಳುಗಳು ಸುತ್ತಲೂ ಇರುತ್ತಾರೆ. ಊರಿಗೆ ನಾಲ್ಕು ಕಾಸು ಬಂತು, ಹೆಂಗಸರಿಗೆ ಇದ್ದ ಮರೆ ಹೋಯಿತು. ಯಾವ ಮೀಟಿಂಗಿನಲ್ಲೂ ಯಾರೂ ಇದನ್ನು ಮಾತಾಡಿದ್ದು ನಾನು ಕೇಳಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಂತ್ರ, ಹೆಚ್ಚು ನೀರು ಕುಡಿಯಿರಿ.

ಹೋದ ಸುಗ್ಗಿಯಲ್ಲಿ ಒಬ್ಬಳು ಬಸುರಿ ನನ್ನ ಪಾಲಿಗೆ ಬಂದಳು. ದೊಡ್ಡ ತೋಟದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಅವಳದು. ಹಿಂದಿನ ಸಲ ಮೂತ್ರದ ಸೋಂಕಿನಿಂದ ಜ್ವರ ಬಂದು, ದಿನ ತುಂಬುವ ಮೊದಲೇ ಹೆತ್ತು, ಮಗುವನ್ನು ಮಣ್ಣು ಮಾಡಿ ಬಂದವಳು. ಈಗ ಆರು ತಿಂಗಳಾಗುತ್ತಲೇ ಮತ್ತೆ ಅದೇ ಉರಿ, ಅದೇ ಚಳಿಜ್ವರ. ಡಾಕ್ಟರು ಗುಳಿಗೆ ಕೊಟ್ಟರು, ಕಡಿಮೆಯಾಯಿತು, ಮತ್ತೆ ಬಂತು. ಇನ್ನೊಮ್ಮೆ ಬಂದರೆ ಈ ಕೂಸೂ ಉಳಿಯುವ ಭರವಸೆ ಇಲ್ಲ, ನೀರು ಕುಡಿಸಿ ಸಿಸ್ಟರ್ ಎಂದರು.

"ಕೇಳಿದಿಲ್ಲೋ? ದಿನಾ ಇಷ್ಟ ನೀರ ಹೊಟ್ಟ್ಯಾಗ ಹೋಗಬೇಕು" ಎಂದು ಅವಳಿಗೆ ಹೇಳಿದೆ.

"ಕುಡೀತೇನ್ರಿ ಅಕ್ಕಾರ. ಕುಡದ ಎಲ್ಲಿ ಹೋಗ್ಲಿ?"

"ಕೂಲಿ ಬಿಡು ಹಂಗಾರ."

"ನೀವ ನೌಕರಿ ಬಿಡ್ತೀರೇನ್ರಿ?" ಎಂದು ನಕ್ಕಳು. ಜ್ವರದಲ್ಲಿ ತುಟಿ ಒಡೆದಿತ್ತು, ಆದರೂ ನಗು.

ಆ ಶೆಡ್ಡಿನ ಹಿಂದೆ ಒಂದು ಪಾಯಖಾನೆ ಇತ್ತು. ಬಿಳಿ ಟೈಲ್ಸ್, ನಲ್ಲಿ, ಕನ್ನಡಿ ಎಲ್ಲ ಇದ್ದ ಪಾಯಖಾನೆ. ಒಣದ್ರಾಕ್ಷಿ ಕೊಳ್ಳಲು ಬರುವ ವ್ಯಾಪಾರಸ್ಥರಿಗಾಗಿ ಕಟ್ಟಿಸಿದ್ದು. ಅವರು ಬಂದಾಗ ತೆರೆಯುತ್ತದೆ, ಹೋದ ಮೇಲೆ ಬಾಗಿಲಿಗೆ ಈ ಹಿತ್ತಾಳೆ ಬೀಗ ಬೀಳುತ್ತದೆ. ಚಾವಿ ಸಾಹುಕಾರರ ಜೇಬಿನಲ್ಲಿ.

ಸಾಹುಕಾರರ ಬಳಿ ಹೋದೆ. ಒಳ್ಳೆಯ ಮಾತಿನ ಮನುಷ್ಯ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ನಾನು ಕುಡಿಯಲಿಲ್ಲ, ಯಾಕೆಂದು ನಿಮಗೆ ಗೊತ್ತು. ವಿಷಯ ಹೇಳಿದೆ.

"ಆತ್ರಿ ಸಿಸ್ಟರ್, ನೀವ ಹೇಳೂದ ಖರೇ ಐತಿ. ಆದ್ರ ಅವ್ರಿಗಿ ರೂಢಿ ಇಲ್ರಿ. ಹೊಲಸ ಮಾಡ್ತಾರ. ನಾಳೆ ವ್ಯಾಪಾರಸ್ಥರ ಮುಂದ ನಾ ಮಾರಿ ಹೆಂಗ ತೋರಿಸ್ಲಿ?"

'ಅವರು' ಅಂದರೆ ಯಾರು ಎಂದು ಬಿಡಿಸಿ ಹೇಳುವ ಅಗತ್ಯ ಅವರಿಗೂ ಬೀಳಲಿಲ್ಲ, ನನಗೂ ಬೀಳಲಿಲ್ಲ. ಆ ಹೆಂಗಸರು ನಮ್ಮ ಓಣಿಯಂಥ ಓಣಿಯಿಂದಲೇ ಬರುವವರು. ಅವರ ಕೈ ಆರಿಸಿದ ದ್ರಾಕ್ಷಿ ದೇವರ ಪ್ರಸಾದಕ್ಕೂ ನಡೆಯುತ್ತದೆ, ಅವರು ಕೂತು ಎದ್ದ ಪಾಯಖಾನೆ ಮಾತ್ರ ವ್ಯಾಪಾರಸ್ಥರಿಗೆ ನಡೆಯುವುದಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಎದ್ದು ಬಂದೆ. ಆವತ್ತು ನುಂಗಿದ್ದಕ್ಕೆ ಕಾರಣವಿತ್ತು. ಮುಂದಿನ ವಾರ ಅದೇ ಶೆಡ್ಡಿನಲ್ಲಿ ನಮ್ಮ ಇಲಾಖೆಯ ಮಹಿಳಾ ಆರೋಗ್ಯ ಶಿಬಿರ ನಡೆಯುವುದಿತ್ತು.

ಸಾಹೇಬರಿಗೆ ಮೊದಲೇ ವಾಸನೆ ಹತ್ತಿತ್ತು. ಕರೆಸಿದರು. "ಪೆಂಡಾಲು ಅವರದು, ಊಟ ಅವರದು. ಎಲ್ಲಾ ಜನಕ್ಕೂ ಆರೋಗ್ಯ ಸಮನಾಗಿ ಸಿಗಬೇಕು ಅಂತ ನಾವ ಬಡಕೊಳ್ಳೂದ ಇಂಥವರ ಸಹಕಾರದಿಂದ ಆಗೂದವ್ವಾ. ನೀ ನೀರಿನ ಮ್ಯಾಲ ನಾಕ ಮಾತ ಹೇಳಿ ಇಳದ ಬಿಡು. ಪಾಯಖಾನಿ ಮಾತ ತಗೀಬ್ಯಾಡ" ಎಂದರು.

"ಆಯ್ತ್ರಿ ಸರ್, ನಾ ತಗ್ಯಾಂಗಿಲ್ಲ" ಎಂದೆ. ನಾನು ತೆಗೆಯಲಿಲ್ಲ ಕೂಡ.

ಶಿಬಿರದ ದಿನ ಬೆಳಿಗ್ಗೆ ನೇರ ಆ ಹೆಂಗಸರ ಓಣಿಗೆ ಹೋದೆ. ಕೆಲಸಕ್ಕೆ ಹೊರಟು ನಿಂತಿದ್ದರು. "ಇವತ್ತ ಸಾಹುಕಾರ್ರು ತಮ್ಮ ಕೈಲೆ ನಿಮಗ ನೀರ ಕೊಡ್ತಾರ, ಫೋಟೋ ತಗೀತಾರ. ಗ್ಲಾಸ ಇಸ್ಕೋರಿ. ಕುಡೀಬ್ಯಾಡ್ರಿ" ಎಂದೆ.

ಅವರೊಳಗಿನ ಹಿರಿಯಳು ಸೆರಗು ಸಿಕ್ಕಿಸಿಕೊಳ್ಳುತ್ತ, "ಅದೇನ ಹೊಸಾದ ಬಿಡ ನಮ್ಮವ್ವಾ. ದಿನಾ ಅದನ್ನ ಮಾಡಾಕತ್ತೇವಿ" ಎಂದಳು.

ಪೆಂಡಾಲಿನಲ್ಲಿ ದೊಡ್ಡ ಬ್ಯಾನರ್, ಅದರಲ್ಲಿ ನೀರಿನ ಹನಿ, ಹನಿಯೊಳಗೆ ನಗುವ ಹೆಂಗಸು. ಸಾಹುಕಾರರು ಹೊಸ ಅಂಗಿ ಹಾಕಿದ್ದರು. ಸಾಲಾಗಿ ಕೂತ ಹೆಂಗಸರಿಗೆ ಒಬ್ಬೊಬ್ಬರಿಗೂ ಬಗ್ಗಿ ಗ್ಲಾಸು ಕೊಟ್ಟರು. ಎಲ್ಲರೂ ಎರಡು ಕೈಯಲ್ಲಿ ಇಸಿದುಕೊಂಡರು, ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಫೋಟೋ ತೆಗೆಯುವವನು ಕುಡೀರಿ ಅಕ್ಕಾ, ಕುಡೀರಿ ಅಕ್ಕಾ ಎಂದು ಆ ತುದಿಯಿಂದ ಈ ತುದಿಗೆ ಓಡಾಡಿದ. ಒಬ್ಬಳ ಕೈಯೂ ಮೇಲೇಳಲಿಲ್ಲ.

"ಯಾಕ್ರಬೇ, ನೀರಾಗ ನಾ ಏನ ವಿಷಾ ಹಾಕೇನೇನ?" ಎಂದು ಸಾಹುಕಾರರು ನಗಲು ನೋಡಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಬಸುರಿ ಗ್ಲಾಸನ್ನು ನೆಲಕ್ಕಿಟ್ಟಳು. "ಪಾಯಖಾನಿ ಕೀಲಿ ತಗೀರಿ ಸಾಹುಕಾರ್ರ. ಕುಡೀತೇವಿ" ಎಂದಳು. ಅವಳ ಪಕ್ಕದವಳೂ ಇಟ್ಟಳು. ಆಮೇಲೆ ಸಾಲಿನುದ್ದಕ್ಕೂ ಸ್ಟೀಲ್ ಗ್ಲಾಸುಗಳು ಪರ್ಸಿಕಲ್ಲಿನ ನೆಲಕ್ಕೆ ತಾಗುವ ಸದ್ದು.

ಸಾಹೇಬರು ನನ್ನನ್ನು ನುಂಗುವಂತೆ ನೋಡಿದರು. ಮೈಕು ನನ್ನ ಕೈಯಲ್ಲಿತ್ತು. "ನೀರಿನ ಬಗ್ಗೆ ಇಷ್ಟೇ ಹೇಳಬೇಕಾಗಿತ್ತು. ಅವರೇ ಹೇಳಿದರು" ಎಂದು ಮೈಕು ಕೆಳಗಿಟ್ಟೆ.

ಸಾಹುಕಾರರ ಮುಖ ಕೆಂಪಾಯಿತು. ಆಗ ಆ ಹಿರಿಯಳು ಕೂತಲ್ಲಿಂದಲೇ, ಜಗಳದ ದನಿಯಲ್ಲೂ ಅಲ್ಲ, ಸಂತೆಗೆ ಹೋಗುವ ಸುದ್ದಿ ಹೇಳುವ ದನಿಯಲ್ಲಿ, "ನಾಳಿಂದ ಯಾವ ಶೆಡ್ಡಿನ ಪಾಯಖಾನಿ ಬಾಗ್ಲಾ ತಗದಿರ್ತೈತಿ ಅಲ್ಲಿಗಿ ಹೋಗ್ತೇವ್ರಿ" ಎಂದಳು. ಮಾಲು ಒಣಗಿ ರಾಶಿ ಬಿದ್ದಿತ್ತು. ವ್ಯಾಪಾರಸ್ಥರು ಬರುವ ಹೊತ್ತು. ಆ ಹೊತ್ತಿನಲ್ಲಿ ತಿಕೋಟಾದ ಸುತ್ತ ಯಾವ ತೋಟಕ್ಕೂ ಆಳು ಸಿಗುವುದಿಲ್ಲ. ಸಾಹುಕಾರರು ಜೇಬಿಗೆ ಕೈಹಾಕಿ ಚಾವಿಯನ್ನು ನನ್ನ ಕಡೆ ಎಸೆದರು. ನೆಲಕ್ಕೆ ಬಿತ್ತು, ಎತ್ತಿಕೊಂಡೆ. ನನಗೇನೂ ಅವಮಾನವಾಗಲಿಲ್ಲ.

ಬಾಗಿಲು ನಾನೇ ತೆಗೆದೆ. ಬೀಗ, ಚಾವಿ ಎರಡನ್ನೂ ಬ್ಯಾಗಿಗೆ ಹಾಕಿಕೊಂಡೆ. ಮೊದಲು ನನ್ನ ಬಸುರಿ ಹೋದಳು, ಆಮೇಲೆ ಎಲ್ಲರೂ ಸರದಿಯಲ್ಲಿ. ಬಂದು ಬಂದು ತಮ್ಮ ತಮ್ಮ ಗ್ಲಾಸು ಹುಡುಕಿ ನೀರು ಕುಡಿದರು. ನನಗೆ ಅಳು ತಡೆಯಲಾಗಲಿಲ್ಲ, ಸಿಟ್ಟೂ ಬಂತು. ಒಂದು ಗುಟುಕು ನೀರಿಗೆ ಇಷ್ಟೆಲ್ಲ ಹೋರಾಡಬೇಕೆ? ಕೊನೆಗೆ ನಾನೂ ಹೋಗಿ ಬಂದು, ಮಟಮಟ ಮಧ್ಯಾಹ್ನ, ಫೀಲ್ಡಿನಲ್ಲಿ, ಹೊಟ್ಟೆ ತುಂಬ ನೀರು ಕುಡಿದೆ.

ಮರುದಿನ ಸಾಹೇಬರು ಬಾಗಿಲು ಹಾಕಿಕೊಂಡು ಬೈದರು. "ಸರ್ಕಾರಿ ನೌಕರಿ ಮಾಡಾಕಿ, ಮಂದೀ ಕೀಲಿ ಬ್ಯಾಗಿನ್ಯಾಗ ಇಟ್ಕೊಂಡ ತಿರುಗ್ತಿ? ನಾಚಿಕಿ ಇಲ್ಲ?"

"ಆಕಿ ಹಡಿಯೂತನಕ ಕೊಡಂಗಿಲ್ರಿ ಸರ್. ವರ್ಗಾ ಮಾಡೂದಿದ್ರ ಮಾಡ್ರಿ. ಹೋದ ಊರಾಗೂ ಪಾಯಖಾನಿ ಇರ್ತಾವ, ಕೀಲಿ ಇರ್ತಾವ" ಎಂದೆ. ಅವರು ಹಣೆ ಚಚ್ಚಿಕೊಂಡರು. ಮೇಲಿನವರಿಗೆ ಮಾತ್ರ ಏನನ್ನೂ ಬರೆಯಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವರೇ.

ಸಾಹುಕಾರರು ಬೇರೆ ಬೀಗ ಕೊಂಡು ಜಡಿಯಬಹುದಿತ್ತು. ಜಡಿಯಲಿಲ್ಲ, ಆಳು ಬೇಕಿತ್ತಲ್ಲ. ಹೆಂಗಸರು ಪಾಳಿ ಹಾಕಿಕೊಂಡು ಆ ಟೈಲ್ಸನ್ನು ತಿಕ್ಕಿ ತೊಳೆದದ್ದು ನೋಡಿದರೆ ನನ್ನ ಮನೆಯ ಬಚ್ಚಲು ನೆನೆದು ನನಗೇ ನಾಚಿಕೆ ಬರಬೇಕು. ನನ್ನ ಬಸುರಿಗೆ ಮತ್ತೆ ಜ್ವರ ಬರಲಿಲ್ಲ. ದಿನ ತುಂಬಿದ ಮೇಲೆ ವಿಜಯಪುರದ ದೊಡ್ಡ ದವಾಖಾನೆಯಲ್ಲಿ ಹೆಣ್ಣು ಹೆತ್ತಳು. ನೋಡಲು ಹೋದಾಗ ಕೂಸು ಮೊಲೆ ಕುಡಿಯುತ್ತಿತ್ತು, ತಾಯಿಯ ಪಕ್ಕದಲ್ಲಿ ನೀರಿನ ತಂಬಿಗೆ ಇತ್ತು.

ಆ ವಾರವೇ ಸಾಹುಕಾರರ ಫೋನು ಬಂತು. "ಹಡದ್ಲಂತಲ್ರಿ ಸಿಸ್ಟರ್, ಚಲೋ ಆತು. ಆಕಿ ಹಡಿಯೂತನಕ ಅಷ್ಟ ಅಂತ ಸಾಹೇಬ್ರ ಮುಂದ ಹೇಳಿದ್ರಂತ. ನಮ್ಮಪ್ಪನ ಕಾಲದ ಕೀಲಿ ಅದು, ಕೊಟ್ಟ ಕಳಸ್ರಿ ಇನ್ನ."

"ಆಕಿ ಹಡದಾಳ್ರಿ ಸಾಹುಕಾರ್ರ. ಈಗ ಅದ ಶೆಡ್ಡಿನ್ಯಾಗ ಇನ್ನೊಬ್ಬಾಕಿಗಿ ನಾಕ ತಿಂಗಳ" ಎಂದೆ.

"ಹಿಂಗಾದ್ರ ಯಾವಾಗ ಕೊಡಾವ್ರ ನೀವು?"

"ನಿಮ್ಮ ಶೆಡ್ಡಿನ್ಯಾಗ ಹೆಂಗಸ್ರು ಹಡಿಯೂದು ಬಿಟ್ಟ ದಿನಾ ಕೊಡ್ತೇನ್ರಿ" ಎಂದೆ.