ಕಲ್ಲುಬಾನಿಯ ನೀರು ಇಳಿದ ಸಂಜೆ

ದೆವ್ವ, ಶಕುನ, ಪವಾಡ ಇವೆಲ್ಲ ನನಗೆ ಆಗಿಬರದ ಮಾತುಗಳು. ಯಾರಾದರೂ ಶುರುಮಾಡಿದರೆ ‘ಸಾಕು ಬಿಡಿ, ಕಾಫಿ ಕುಡಿಯೋಣ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ತೈಲ, ಅನಿಲದ ಬಾವಿ ಕೊರೆಯುವ ಮುಂಚೆ, ಕೆಳಗಿನ ಬಂಡೆ ಎಷ್ಟು ಒತ್ತಡಕ್ಕೆ ಬಿರಿಯುತ್ತದೆಂದು ಅಂದಾಜು ಮಾಡುವುದು ನನ್ನ ಕೆಲಸ. ಕೊರೆಯುವಾಗ ಬಾವಿಯ ತುಂಬ ಮಂದವಾದ ಕೆಸರು ತುಂಬಿರುತ್ತಾರೆ. ನಾವು ಅದಕ್ಕೆ ಮಡ್ ಅನ್ನುತ್ತೇವೆ. ಅದರ ಭಾರ ಕಡಿಮೆಯಾದರೆ ಅನಿಲ ಮೇಲೆ ನುಗ್ಗುತ್ತದೆ. ಹೆಚ್ಚಾದರೆ ಬಂಡೆ ಬಿರಿದು ಮಡ್ಡೆಲ್ಲ ಅದರೊಳಕ್ಕೆ ಹೋಗುತ್ತದೆ, ಮೇಲಿನ ಟ್ಯಾಂಕಿನಲ್ಲಿ ಮಡ್ ಇಳಿಯುತ್ತಾ ಬರುತ್ತದೆ, ಆಗಲೂ ಅನಿಲ ನುಗ್ಗುತ್ತದೆ. ಸಮುದ್ರದ ನಡುವಿನ ಅಂಥದೊಂದು ಬಾವಿಗೆ ಲೆಕ್ಕ ಹಾಕಿಕೊಟ್ಟವಳು ನಾನು. ಅಲ್ಲಿ ಡ್ಯೂಟಿಯಲ್ಲಿದ್ದವನು ನನ್ನ ತಮ್ಮ ಮಂಜ.

ಕೆಲವು ವರ್ಷಗಳ ಹಿಂದೆ ರಜೆಗೆಂದು ಹೊಳೆನರಸೀಪುರದ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಸಂಜೆ ಹಿತ್ತಲಲ್ಲಿ ಅವ್ವ ಹಸುಗಳಿಗೆಂದು ಕಲ್ಲುಬಾನಿಯ ತುಂಬ ನೀರು ಸುರಿದಿದ್ದಳು. ಅಷ್ಟರಲ್ಲಿ ಮಂಜನ ಫೋನ್ ಬಂತು.

“ಅಕ್ಕಾ, ಗ್ಯಾಸ್ ಬತ್ತಾ ಐತೆ. ಮಡ್ ತೂಕ ಏರಿಸ್ತಾವ್ರೆ. ಬಂಡೆ ತಡ್ಕತದಾ?”

“ತಡ್ಕತದೆ ಕಣೋ, ಏರ್ಸಿ” ಎಂದೆ. ಆ ಲೆಕ್ಕ ನನಗೆ ಬಾಯಿಪಾಠವಾಗಿತ್ತು.

ಮಾತು ಮುಗಿಸಿ ತಿರುಗಿದರೆ ಬಾನಿಯ ನೀರು ಇಳಿಯುತ್ತಿತ್ತು. ಯಾವ ಹಸುವೂ ಬಾಯಿ ಹಾಕಿರಲಿಲ್ಲ. ಕಲ್ಲಿನ ಸುತ್ತ ಕೈಯಾಡಿಸಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ, ಕೆಳಗಿನ ಮಣ್ಣು ಒಣಗಿಯೇ ಇತ್ತು.

“ಏನೇ ಇದು, ನೀರೆಲ್ಲಿಗೋಯ್ತಾ ಐತೆ?” ಎಂದಳು ಅವ್ವ.

ಬಂಡೆ ಬಿರಿದರೆ ಟ್ಯಾಂಕಿನ ಮಡ್ ಇಳಿಯುವುದೂ ಹೀಗೆಯೇ. ಮಂಜನಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಮತ್ತೆ ಮಾಡಿದೆ. ಅಯ್ಯೋ, ಎತ್ತೋ ಮಂಜ, ಎತ್ತೋ ಎಂದು ಹಿತ್ತಲ ತುಂಬ ಹುಚ್ಚಿಯ ಹಾಗೆ ಓಡಾಡಿದೆ. ಬಾನಿಯ ತಳ ಕಾಣುವ ಹೊತ್ತಿಗೆ ಸಿಕ್ಕ.

“ಏರಿಸ್ಬೇಡಿ! ಟ್ಯಾಂಕ್ ನೋಡೋ, ಮಡ್ ಇಳೀತಾ ಐತೆ!”

“ನಿಂಗ್ಯಾರೇಳುದ್ರು?”

“ನೋಡೋ ಮೊದ್ಲು!”

ಅವನು ಯಾರನ್ನೋ ಕೂಗಿದ್ದು ಕೇಳಿತು, ಆಮೇಲೆ ಸೈರನ್ನು. ಲೈನ್ ಕಟ್ಟಾಯಿತು.

ಅವ್ವ ನನ್ನ ಕೈ ಹಿಡಿದು ಕೂತಳು. ಇವಳ ಮಗನನ್ನು ನಾನೇ ತಿಂದುಬಿಟ್ಟೆನಾ ಅನ್ನುವುದೊಂದೇ ಇಡೀ ರಾತ್ರಿ ನನ್ನ ತಲೆಯಲ್ಲಿ. ಬೆಳಗಿನ ಜಾವ ಮಂಜನ ಫೋನ್ ಬಂತು. ನಿಜವಾಗಿಯೂ ಬಂಡೆ ಬಿರಿದಿತ್ತು. ಮಡ್ ಹಗುರ ಮಾಡಿ, ಬಿರುಕು ಮುಚ್ಚಿ, ಹೇಗೋ ಬಾವಿಯನ್ನು ಹಿಡಿತಕ್ಕೆ ತಂದಿದ್ದರು. “ಒಸಿ ತಡ ಆಗಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ ಅಕ್ಕಾ” ಎಂದ. ಅವ್ವ ಆಗ ಅತ್ತಳು.

ಬಾನಿಗೆ ಮತ್ತೆ ತುಂಬಿಸಿದ ನೀರು ಒಂದು ತೊಟ್ಟೂ ಇಳಿಯಲಿಲ್ಲ. ಅದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅದು ಒತ್ತಟ್ಟಿಗಿರಲಿ, ಆ ಲೆಕ್ಕವನ್ನು ಎಷ್ಟೋ ಸಲ ತಿರುವಿ ಹಾಕಿದ್ದೇನೆ, ನನಗಿಂತ ಬಲ್ಲವರಿಗೂ ತೋರಿಸಿದ್ದೇನೆ. ಯಾರಿಗೂ ತಪ್ಪು ಸಿಕ್ಕಿಲ್ಲ. ಮುಂದಿನ ಬಾವಿಗೂ ಹಾಗೆಯೇ ಹಾಕಿಕೊಟ್ಟೆ. ಬೇರೆ ಥರ ನನಗೆ ಬರುವುದಿಲ್ಲ.

ಮಂಜ ಮತ್ತೆ ಡ್ಯೂಟಿಗೆ ಹೊರಟ ದಿನ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅವನ ಬ್ಯಾಗು ಹಿಡಿದುಕೊಂಡೇ ನಿಂತಿದ್ದೆ.

“ಯಾಕಕ್ಕಾ ಅಂಗೆ ಎದರ್ಕತೀಯ? ನೀ ಲೆಕ್ಕ ಆಕಿರೋ ಬಾವಿಗೇ ಓಗ್ತಿರೋದು. ಬಿಡು, ಬಸ್ ಬಂತು” ಎಂದ.

ಬಿಟ್ಟೆ.