ಸರಾಸರಿ ನುಂಗಿದ ಮೌನ

ನನ್ನ ನಾದಿನಿಯ ಎದುರು ‘ಹೆಚ್ಚುಕಡಿಮೆ’ ಅನ್ನುವ ಮಾತು ಆಡುವಂತಿಲ್ಲ. ಆಡಿದರೆ ಮುಗಿಯಿತು, "ಎಷ್ಟು ಹೆಚ್ಚು? ಎಷ್ಟು ಕಡಿಮೆ?" ಅಂತ ಪ್ರಾಣ ತಿನ್ನುತ್ತಾಳೆ. ಪರದೆ ಹೊಲಿಸಬೇಕು, ಕಿಟಕಿ ಅಳೆದುಕೊಡು ಅಂದರೆ ಮೇಲೊಮ್ಮೆ, ನಡುವೊಮ್ಮೆ, ಕೆಳಗೊಮ್ಮೆ ಅಳೆದು, "ನಿಮ್ಮ ಕಿಟಕಿಯೇ ಸೊಟ್ಟ ಅತ್ತಿಗೆ" ಅಂತ ತೀರ್ಪು ಕೊಟ್ಟವಳು. ಅವಳ ಅಣ್ಣ, ಅಂದರೆ ನಮ್ಮ ಯಜಮಾನರು, ಅವಳಿಗೆ ‘ಅಳತೆಗೋಲು’ ಅಂತಲೇ ಹೆಸರಿಟ್ಟಿದ್ದಾರೆ. ಅಳೆದೂ ಸುರಿದೂ ಮದುವೆಯನ್ನೂ ತಪ್ಪಿಸಿಕೊಂಡೆ ಅಂತ ನಾನು ರೇಗಿಸುತ್ತೇನೆ. "ಸರಿಯಾಗಿ ಅಳೆದೆ, ಅದಕ್ಕೇ ತಪ್ಪಿಸಿಕೊಂಡೆ" ಅನ್ನುತ್ತಾಳೆ. ಬಾಯಿ ಜೋರು, ನನಗಿಂತ ಒಂದು ಗುಲಗಂಜಿ ಕಡಿಮೆ ಇರಬಹುದು.

ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಅವಳ ಕೆಲಸ. ರಿಪೇರಿ ಬೇರೆಯವರದ್ದು, ಅದು ನಿಜವಾಗಿ ಸರಿಹೋಗಿದೆಯೇ ಅಂತ ಅಳೆದು ಹೇಳುವುದು ಇವಳದ್ದು. ತಲೆ ಕಪ್ಪಗಿದ್ದಾಗ ಸೇರಿದವಳು, ಈಗ ಅರ್ಧ ಬೆಳ್ಳಗಾಗಿದೆ. ಅಲ್ಲಿ ಏನು ಮಾಡುತ್ತಾಳೆ ಅಂತ ಮನೆಯಲ್ಲಿ ಒಬ್ಬರೂ ಕೇಳಿದ್ದಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ!

ಕೇಳುವ ಕಾಲ ಬಂದದ್ದು ಅತ್ತೆಯಿಂದ. ಅತ್ತೆಗೆ ಕಿವಿ ಮಂದ. ಕಿವಿಯ ಹಿಂದೆ ಹೆಬ್ಬೆರಳ ತುದಿಯಷ್ಟು ಒಂದು ಯಂತ್ರ ಹಾಕಿಕೊಳ್ಳುತ್ತಾರೆ. ಕೆಲವು ತಿಂಗಳಿಂದ, "ಮಾತಿನ ಮಧ್ಯೆ ಗುಂಡಿ ಬೀಳುತ್ತೆ ಕಣೇ. ಒಂದು ಪದ ಬರುತ್ತೆ, ಮುಂದಿಂದು ಮಾಯ" ಅನ್ನುತ್ತಿದ್ದರು. ಅಂಗಡಿಯವರು ನೋಡಿ, ಯಂತ್ರ ಚೆನ್ನಾಗಿಯೇ ಇದೆ ಅಂದರು. ಆಮೇಲೊಂದು ದಿನ ನಾನು, "ಮಗುವನ್ನ ಇವತ್ತು ನಾನೇ ಕರ್ಕೊಂಡು ಬರ್ತೀನಿ, ನೀವು ಸ್ಕೂಲಿಗೆ ಹೋಗಬೇಡಿ" ಅಂತ ಹೇಳಿ ಹೋದೆ. ಅತ್ತೆ ಹೋಗಿ ಸ್ಕೂಲಿನ ಗೇಟು ಮುಚ್ಚುವವರೆಗೂ ನಿಂತಿದ್ದರು. ಮೊಮ್ಮಗಳು ಕಾಣದೆ, ಅಳುತ್ತಾ ಮನೆಗೆ ಬಂದರು.

"ಅರವತ್ತಕ್ಕೆ ಅರಳುಮರಳು ಅಂತಾರೆ, ಅಮ್ಮಂಗೆ ಎಪ್ಪತ್ತು ದಾಟಿದೆ. ಇನ್ನು ಮಗೂನ ಅವಳ ಜೊತೆ ಕಳಿಸೋದು ಬೇಡ" ಅಂದರು ಯಜಮಾನರು. ಅತ್ತೆ ಎದುರಾಡಲಿಲ್ಲ. ನನ್ನ ಅತ್ತೆ ಎದುರಾಡಲಿಲ್ಲ ಅಂದರೆ ನೀವೇ ಯೋಚನೆ ಮಾಡಿ! ಜಗಳವಿಲ್ಲದ ಆ ಮನೆಯಲ್ಲಿ ನನಗೆ ಅನ್ನ ಸೇರಲಿಲ್ಲ. "ನನ್ನ ತಲೆ ಕೆಡ್ತಾ ಇದೆ ಅನ್ಸುತ್ತೆ ಕಣೇ" ಅಂತ ಅವರೇ ಹೇಳತೊಡಗಿದಾಗ ನನಗೆ ನಿಜಕ್ಕೂ ಭಯವಾಯಿತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ಅಳೀದೇನೇ ತೀರ್ಪು ಕೊಟ್ಟುಬಿಟ್ರಾ?" ಅಂತ ನಾದಿನಿ ಅಣ್ಣನ ಮೇಲೆ ಹರಿಹಾಯ್ದಳು. ಮಾಲೀಕರನ್ನು ಕೇಳಿಕೊಂಡು, ರಜೆಯ ದಿನ ಬೆಳಿಗ್ಗೆ ಅತ್ತೆಯನ್ನೂ ನನ್ನನ್ನೂ ವರ್ಕ್‌ಶಾಪಿಗೆ ಕರೆದೊಯ್ದಳು.

ಉದ್ದನೆಯ ಮೇಜು, ಅದರ ಮೇಲೆ ರಬ್ಬರ್ ಹಾಸು, ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ವೈರು. ಅತ್ತೆಯ ಕಿವಿಯಿಂದ ಯಂತ್ರ ಬಿಚ್ಚಿ, ಸ್ಪಂಜು ಹೊದಿಸಿದ ಒಂದು ಡಬ್ಬಿಯೊಳಗೆ ಪುಟ್ಟ ಸ್ಪೀಕರಿನ ಎದುರು ಕೂರಿಸಿದಳು. ಇನ್ನೊಂದು ಕಡೆ ಒಂದು ಮೈಕು. ಮೈಕಿನ ವೈರು ಆಸಿಲೋಸ್ಕೋಪು ಅನ್ನುವ, ಪರದೆಯಿರುವ ಪೆಟ್ಟಿಗೆಗೆ ಹೋಗಿತ್ತು. ಆ ಹೆಸರು ಹೇಳುವಷ್ಟರಲ್ಲಿ ನನ್ನ ನಾಲಿಗೆ ಎಡವಿ ಬಿತ್ತು. ಸ್ಪೀಕರು ‘ಕೂ’ ಅಂತ ಒಂದೇ ಸಮ ಕೂಗಿದ್ದೇ ತಡ, ಪರದೆಯ ಮೇಲೆ ಹಸಿರು ಗೆರೆಯೊಂದು ಏರಿತು, ಇಳಿಯಿತು, ಏರಿತು. ಅಬ್ಬಬ್ಬಾ! ಸದ್ದನ್ನು ಇಷ್ಟು ವರ್ಷ ಕೇಳಿದ್ದೆ, ಕಣ್ಣಲ್ಲಿ ಕಂಡದ್ದು ಅವತ್ತೇ. ಕಿವಿಯಲ್ಲಿ ಯಂತ್ರವಿಲ್ಲದ ಅತ್ತೆಗೆ ಏನೂ ಕೇಳಿಸುತ್ತಿರಲಿಲ್ಲ, ಆದರೂ ಆ ಗೆರೆಯ ಜೊತೆಗೇ ತಲೆ ಆಡಿಸುತ್ತಿದ್ದರು.

"ಇನ್ನು ನನ್ನ ಸೋಮಾರಿ ನೋಡಿ" ಅಂದಳು ನಾದಿನಿ. ಕಂಪ್ಯೂಟರಿನಲ್ಲಿ ಅವಳೇ ಬರೆದ ಪ್ರೋಗ್ರಾಮು ಅದು. ಅವಳು ಕೈಕಟ್ಟಿ ಕೂರಲಿ ಅಂತ ಬರೆದದ್ದು, ಅದಕ್ಕೇ ಆ ಹೆಸರಂತೆ. ಒಂದು ಗುಂಡಿ ಒತ್ತಿದಳು. ಆಸಿಲೋಸ್ಕೋಪನ್ನು ಯಾರೂ ಮುಟ್ಟಲಿಲ್ಲ, ಅದರೊಳಗಿನ ಚಿತ್ರ ತಾನಾಗಿ ಹಿಗ್ಗಿತು, ಸರಿದು ನಡುವಿಗೆ ಬಂತು, ನಿಂತಿತು. ಕಂಪ್ಯೂಟರು ಕೇಳುತ್ತಿದೆ, ಅದು ಉತ್ತರ ಕೊಡುತ್ತಿದೆ: ಅಲೆ ಎಷ್ಟು ಎತ್ತರ, ಸೆಕೆಂಡಿಗೆ ಎಷ್ಟು ಅಲೆ. ನಾನು ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರಗಳು ಸಾಲಾಗಿ ಇಳಿಯುತ್ತಿದ್ದವು. ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಈ ಪುಣ್ಯಾತ್ಗಿತ್ತಿ ದಿನಾ ಇಂಥದ್ದು ಮಾಡಿ ಬಂದು, ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಾಳಲ್ಲ!

ಸೋಮಾರಿ ಮಧ್ಯಾಹ್ನದವರೆಗೆ ಓಡಿತು. ಒಂದು ಸಾಲೂ ಮಿತಿ ದಾಟಲಿಲ್ಲ. ನಾದಿನಿಯ ಮುಖ ಸಪ್ಪಗಾಯಿತು. ಅಮ್ಮನ ಕಿವಿಗೆ ಬಾಯಿಟ್ಟು, "ಯಂತ್ರ ಸರಿಯಾಗಿದೆ ಅಮ್ಮಾ" ಅಂತ ಕೂಗಿದಳು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹಾಗಾದ್ರೆ ನನ್ನ ತಲೆಯೇ ಕೆಟ್ಟಿರೋದು. ನಡೀರಿ, ಮನೆಗೆ ಹೋಗೋಣ."

ಎದ್ದು ಬಾಗಿಲವರೆಗೆ ಹೋಗಿಯೂಬಿಟ್ಟರು. ನಾದಿನಿ ಏಳಲಿಲ್ಲ. ಪರದೆಯನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು. "ಥೂ, ನನ್ನ ಬುದ್ಧಿಗಿಷ್ಟು! ಸರಾಸರಿ ಆಫ್ ಮಾಡೇ ಇಲ್ಲ!"

"ಹಾಗಂದ್ರೇನೇ?" ಅಂದೆ.

"ಅಲೆ ಮೇಲೆ ಅಲೆ ಪೇರಿಸಿ, ಎಲ್ಲ ಸೇರಿಸಿ ಒಂದೇ ಅಲೆ ಮಾಡಿ ತೋರಿಸುತ್ತೆ ಅತ್ತಿಗೆ. ಗೆರೆ ನಡುಗದೆ ನುಣ್ಣಗೆ ಬರಲಿ ಅಂತ ಇಲ್ಲಿ ಯಾವಾಗ್ಲೂ ಹಾಗೇ ಇಟ್ಟಿರ್ತೀವಿ. ನೂರು ಜನ ಒಟ್ಟಿಗೆ ಹಾಡುವಾಗ ಒಬ್ಬ ಬಾಯಿ ಮುಚ್ಚಿಕೊಂಡ್ರೆ ನಿಮಗೆ ಗೊತ್ತಾಗುತ್ತಾ?"

ಸೋಮಾರಿಯಲ್ಲಿ ಒಂದು ಸಾಲು ತಿದ್ದಿದಳು. ಇನ್ನು ಪ್ರತಿ ಅಲೆಯನ್ನೂ ಒಂಟಿಯಾಗಿ ಅಳೆಯಬೇಕು, ಎಲ್ಲಾದರೂ ಎತ್ತರ ಕುಸಿದರೆ ಅಲ್ಲೇ ನಿಲ್ಲಬೇಕು. ಅತ್ತೆಯನ್ನು ನಾನು ಕೈಹಿಡಿದು ವಾಪಸು ತಂದು ಕೂರಿಸಿದೆ. ಗೆರೆ ಈಗ ನುಣ್ಣಗಿರಲಿಲ್ಲ, ಸಣ್ಣಗೆ ನಡುಗುತ್ತಿತ್ತು. ಮೂವರೂ ಕೂತೆವು. ಕಾದೆವು. ನನ್ನ ಕಾಲು ಜೋಮು ಹಿಡಿಯಿತು.

ಟಕ್ಕನೆ ನಿಂತಿತು. ಏರುತ್ತಾ ಇಳಿಯುತ್ತಾ ಬಂದ ಗೆರೆ ನಡುವೆ ಮಲಗಿಬಿಟ್ಟಿತ್ತು, ಸಪಾಟಾಗಿ. ಆಮೇಲೆ ಏನೂ ಆಗದವರ ಹಾಗೆ ಎದ್ದು ಮತ್ತೆ ಏರಿತ್ತು. ಒಬ್ಬ ಮುದುಕಿ ತಿಂಗಳುಗಟ್ಟಲೆ ಹೇಳಿದ್ದು, ನಾವ್ಯಾರೂ ಕಾಣದ್ದು, ಕಣ್ಣೆದುರಿಗೆ ಗೆರೆಯಾಗಿ ಮಲಗಿತ್ತು.

ಅತ್ತೆಗೆ ಯಾರೂ ವಿವರಿಸಬೇಕಾಗಲಿಲ್ಲ. ಪರದೆಗೆ ಬೆರಳು ಒತ್ತಿ, "ಇದೇ! ಇದೇ ಕಣ್ರೇ, ನಾನು ಹೇಳಿದ ಗುಂಡಿ!" ಅಂದರು.

ಯಂತ್ರದ ಒಳಗೆ ಎಲ್ಲೋ ಬೆಸುಗೆ ಬಿರುಕು ಬಿಟ್ಟಿರಬೇಕು, ನಾಳೆಯೇ ಬಿಚ್ಚಿಸುತ್ತೇನೆ ಅಂದಳು ನಾದಿನಿ. ಆಮೇಲೆ ಅಮ್ಮನ ಭುಜ ಹಿಡಿದು, ಕಿವಿಯ ಹತ್ತಿರ ಬಗ್ಗಿ, ಗಂಟಲು ಹರಿಯುವ ಹಾಗೆ ಕೂಗಿದಳು: "ನಿನ್ನ ತಲೆ ಸರಿಯಾಗಿದೆ ಅಮ್ಮಾ!"

"ಏನಂದೆ?"

"ನಿನ್ನ ತಲೆ ಸರಿಯಾಗಿದೆ!"

"ಕೇಳಿಸ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು."

ಕಿವಿ ಮಂದವೇ, ಆದರೆ ಅಷ್ಟು ಹತ್ತಿರದ ಆ ಕೂಗು ಕೇಳದಷ್ಟು ಮಂದವಲ್ಲ ಅಂತ ನನಗೆ ಗೊತ್ತಿತ್ತು. ನಾದಿನಿಗೂ ಗೊತ್ತಿತ್ತು. ಆದರೂ ಅಳುತ್ತಾ ಮತ್ತೆ ಮತ್ತೆ ಕೂಗಿದಳು. ಅತ್ತೆ ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, "ಇನ್ನೊಂದ್ಸಲ" ಅನ್ನುತ್ತಿದ್ದರು.