ಚರಗ ಚೆಲ್ಲಿ ಕೇಸು ಸೋತ ಕಂಪನಿ

ಗೆಲ್ಲುವ ಕೇಸನ್ನು ಒಂದೇ ಮಾತಿನಲ್ಲಿ ಸೋತ ಮನುಷ್ಯನನ್ನು ನೀವು ಕಣ್ಣಾರೆ ನೋಡಿದ್ದೀರಾ? ನಾನು ಹೋದ ವಾರ ನೋಡಿದೆ. ಬಸವಕಲ್ಯಾಣದ ಒಂದು ಸರ್ಕಾರಿ ಕಚೇರಿಯಲ್ಲಿ. ನೋಡಿ ಬಂದಾಗಿನಿಂದ ಬೇರೆ ಏನು ಬರೆಯಲು ಕೂತರೂ ಕೈ ಓಡುತ್ತಿಲ್ಲ.

ಆ ಮನುಷ್ಯ ನನ್ನ ಗೆಳೆಯ ವೈಜಿನಾಥ. ಹುಮನಾಬಾದಿನಲ್ಲಿ ಅವನದೊಂದು ತೊಗರಿಬೇಳೆ ಮಿಲ್ಲು. ಮಿಲ್ಲು ಅಂದರೆ ಅವನಿಗೆ ಸಿಟ್ಟು. ಕಂಪನಿ ಅನ್ನಬೇಕು. ಪ್ರೈವೇಟ್ ಲಿಮಿಟೆಡ್! ಡೈರೆಕ್ಟರುಗಳು ಯಾರು? ವೈಜಿನಾಥ, ಅವನ ತಮ್ಮ, ಮತ್ತೆ ಅವರ ಅವ್ವ. (ಬೋರ್ಡ್ ಮೀಟಿಂಗು ಅಡುಗೆಮನೆಯಲ್ಲಿ. ಅವ್ವ ರೊಟ್ಟಿ ಬಡಿಯುತ್ತಲೇ ಹೂಂ ಅಂದರೆ ಠರಾವು ಪಾಸು.)

ಅಜ್ಜನ ಕಾಲದಲ್ಲಿ ಮಿಲ್ಲು ಊರ ಹೊರಗಿತ್ತು. ಊರು ಬೆಳೆಯುತ್ತಾ ಬಂದು ಅದನ್ನು ಒಳಗೆ ಹಾಕಿಕೊಂಡಿತು. ಈಗ ಓಣಿಯಲ್ಲಿ ಲಾರಿ ತಿರುಗುವುದಿಲ್ಲ. ಹೊಟ್ಟಿನ ಧೂಳೆಲ್ಲ ನೆರೆಮನೆಯವರು ಒಣಹಾಕಿದ ಬಟ್ಟೆಯ ಮೇಲೆ. ಊರ ಹೊರಗೆ ಹೋಗಿ ಎಂದು ನೋಟಿಸು ಬಂತು. ಹೋಗದಿದ್ದರೆ ಬೀಗ. ಸರಿ, ಹೋಗೋಣ. ಬಸವಕಲ್ಯಾಣದ ದಾರಿಯಲ್ಲಿ ಅವರದೇ ಹೊಲ ಇದೆಯಲ್ಲ? ಅಲ್ಲೇ ಹೊಸ ಮಿಲ್ಲು, ಗೋಡೌನು, ಲಾರಿ ನಿಲ್ಲಲು ಬೇಕಾದಷ್ಟು ಜಾಗ.

ಆದರೆ ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ಆ ಹೊಲದ ಬಣ್ಣ ಹಸಿರು. ಹಸಿರು ಎಂದರೆ ಕೃಷಿ. ಕಾರ್ಖಾನೆ ಕಟ್ಟಬೇಕಾದರೆ ಅದು ನೇರಳೆ ಆಗಬೇಕು. ಹಸಿರನ್ನು ನೇರಳೆ ಮಾಡಲು ಎಷ್ಟು ಹೊತ್ತು ಬೇಕು? ಶಾಲೆಯ ಮಕ್ಕಳ ಕೈಗೆ ಕೊಟ್ಟರೆ ಅರ್ಧ ನಿಮಿಷ. ವೈಜಿನಾಥನ ಮೀಸೆ ಬೆಳ್ಳಗಾಯಿತು.

ಅರ್ಜಿ, ತಿರಸ್ಕಾರ, ಕಲಬುರಗಿಯ ಹೈಕೋರ್ಟ್ ಪೀಠ, ಮರುಪರಿಶೀಲನೆ, ಮತ್ತೆ ತಿರಸ್ಕಾರ, ಮತ್ತೆ ಕಲಬುರಗಿ. ಪಕ್ಕದ ಹೊಲದ ಮಾಣಿಕರಾವ್ ಬೇರೆ ತಕರಾರು ಹಾಕಿದರು. ಮಿಲ್ಲು ಬಂದರೆ ಹೊಟ್ಟು ತಮ್ಮ ಬೆಳೆಯ ಮೇಲೆ ಬೀಳುತ್ತದೆ, ಕಾಂಪೌಂಡ್ ಎದ್ದರೆ ಮಳೆನೀರು ತಮ್ಮ ಹೊಲದಲ್ಲೇ ನಿಲ್ಲುತ್ತದೆ ಎಂದು. (ಅವರದೇನು ತಪ್ಪು? ನಾನಾಗಿದ್ದರೂ ಹಾಕುತ್ತಿದ್ದೆ.) ವಕೀಲರ ಫೀಸಿಗಾಗಿ ಕಂಪನಿಯ ಲಾರಿಗಳು ಒಂದೊಂದಾಗಿ ಮಾರಾಟವಾದವು. "ನಮ್ಮ ಹೊಸಾ ಮಿಲ್ಲಿನ ಗ್ವಾಡಿ ಎಲ್ಲಾ ವಕೀಲರ ಮನ್ಯಾಗ ಎದ್ದಾವ ನೋಡಪಾ" ಎಂದು ವೈಜಿನಾಥ ತಾನೇ ನಗುತ್ತಿದ್ದ.

ಕಡೆಗೆ ಹೈಕೋರ್ಟು ಪ್ರಶ್ನೆಯನ್ನು ಒಂದಕ್ಕೆ ಇಳಿಸಿತು. ಆ ಹೊಲದಲ್ಲಿ ಬೆಳೆ ಇದೆಯೋ, ಬೀಳು ಬಿದ್ದಿದೆಯೋ? ಬಸವಕಲ್ಯಾಣದ ಕಚೇರಿಯ ಅಧಿಕಾರಿ ವಿಚಾರಣೆ ಮಾಡಿ ತೀರ್ಮಾನಿಸಲಿ. ಬೀಳು ಎಂದಾದರೆ ಕಂಪನಿಗೆ ದಾರಿ ಸಲೀಸು. "ಅನೇಕ ವರ್ಷಗಳಿಂದ ಯಾವುದೇ ಬೆಳೆ ಇರುವುದಿಲ್ಲ" ಎಂದು ಕಂಪನಿ ಅಫಿಡವಿಟ್ ಕೊಟ್ಟಿತ್ತು. ಅದು ಹೆಚ್ಚು ಕಡಿಮೆ ನಿಜವೇ.

ಹೆಚ್ಚು ಕಡಿಮೆ!

ಎಳ್ಳ ಅಮಾವಾಸ್ಯೆ ಎಂದರೆ ನಮ್ಮ ಕಡೆ ಏನೆಂದು ಗೊತ್ತಲ್ಲ? ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಮೊದಲು ಭೂಮಿತಾಯಿಗೆ ಚರಗ. ಮಾಡಿದ ಅಡುಗೆಯನ್ನೆಲ್ಲ ಕಲಸಿ, ನಿಂತ ಬೆಳೆಯ ನಡುವೆ ಚೆಲ್ಲುತ್ತಾ ಬರುವುದು. ಆಮೇಲೆ ನಮ್ಮ ಹೊಟ್ಟೆ. ಕಂಪನಿಯ ಡೈರೆಕ್ಟರ್ ಆದ ಅವ್ವ ಇದರಲ್ಲಿ ರಾಜಿ ಇಲ್ಲ ಎಂದರು. "ಬೋಳು ಹೊಲಕ್ಕ ಹ್ಯಾಂಗ ಚರಗ ಚೆಲ್ಲಾದು? ಭೂಮಿತಾಯಿ ಏನಂದಾಳು?" ಹಾಗಾಗಿ ಕೇಸು ನಡೆದಷ್ಟೂ ವರ್ಷ, ಆ ಬೀಳು ಹೊಲದ ಮೂಲೆಯಲ್ಲಿ ಒಂದಿಷ್ಟು ಸಾಲು ಬಿಳಿಜೋಳ. ವಕೀಲರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹಬ್ಬದ ಜೋಳವೂ ಒಂದು ಬೆಳೆ ಎಂದು ಮನೆಯವರಿಗೆ ಹೊಳೆದಿದ್ದರೆ ತಾನೇ ಹೇಳುವುದು?

ಕಳೆದ ಎಳ್ಳ ಅಮಾವಾಸ್ಯೆಗೆ ನಾನೂ ಹೋಗಿದ್ದೆ. ನೋಡಿದರೆ ಪಂಕ್ತಿಯಲ್ಲಿ ಮಾಣಿಕರಾವ್! ಎದುರು ಪಾರ್ಟಿ! ನನ್ನ ಮುಖ ನೋಡಿ ಅವ್ವನೇ ಹೇಳಿದರು. "ಕೇಸ್ ಕಚೇರ್ಯಾಗ ಇರಲಿ ಬಿಡಪಾ. ಬದುವಿಗೆ ಬದು ಹತ್ತ್ಯಾವ. ಅವರನ್ನ ಬಿಟ್ಟು ನಾವಷ್ಟೇ ಹ್ಯಾಂಗ ಉಣ್ಣಾದು?"

ಮಾಣಿಕರಾವ್ ಭಜ್ಜಿಯನ್ನು ಹಾಕಿಸಿಕೊಂಡು ಹಾಕಿಸಿಕೊಂಡು ಉಂಡರು. ಅದಕ್ಕೂ ಮೊದಲು, ವೈಜಿನಾಥ ಜೋಳದ ನಡುವೆ ಚರಗ ಚೆಲ್ಲುವಾಗ, ಮೊಬೈಲ್ ತೆಗೆದು ಒಂದು ಫೋಟೋ ಹೊಡೆದುಕೊಂಡಿದ್ದರು. ಹಬ್ಬದ ದಿನ ಯಾರು ಫೋಟೋ ಹೊಡೆಯುವುದಿಲ್ಲ ಹೇಳಿ?

ಹೋದ ವಾರದ ವಿಚಾರಣೆಗೆ ಬಾ ಎಂದು ವೈಜಿನಾಥ ನನ್ನನ್ನೂ ಕರೆದೊಯ್ದ. ಕಂಪನಿಯ ವಕೀಲರು ಚೆನ್ನಾಗಿ ವಾದಿಸಿದರು. ಅಧಿಕಾರಿ ತಲೆಯಾಡಿಸುತ್ತಿದ್ದರು. ಮುಗಿಯಿತು, ಗೆದ್ದೆವು ಎಂದುಕೊಂಡೆ. ಆಗ ಮಾಣಿಕರಾವ್ ಅವರ ವಕೀಲರು ಎದ್ದು ಆ ಫೋಟೋ ಮುಂದಿಟ್ಟರು. ಎದೆಯೆತ್ತರದ ಜೋಳ, ನಡುವೆ ಕೈಯೆತ್ತಿದ ವೈಜಿನಾಥ. "ಬೆಳಿ ಇಲ್ಲಂತಾರಲ್ರಿ ಸಾಹೇಬ್ರ, ಇದೇನದ ಮತ್ತ?"

ನಮ್ಮ ವಕೀಲರು ಅಲುಗಾಡಲಿಲ್ಲ. "ಇದು ಯಾವ ಹೊಲದ ಫೋಟೋ? ಇದರಲ್ಲಿ ಬದು ಕಾಣುತ್ತಾ? ಸರ್ವೆ ಕಲ್ಲು ಕಾಣುತ್ತಾ? ಜಿಲ್ಲೆ ತುಂಬಾ ಜೋಳವೇ ಇದೆ, ಸರ್."

ಭಲೇ! ನಿಜವಲ್ಲವೇ? ಅಧಿಕಾರಿಯೂ ಫೋಟೋ ತಿರುಗಿಸಿ ನೋಡಿದರು. ಏನೂ ಗೊತ್ತಾಗಲಿಲ್ಲ. ವೈಜಿನಾಥನ ಕಡೆ ತಿರುಗಿ ಕೇಳಿದರು. "ನೀವೇ ಹೇಳ್ರಿ. ಇದು ಯಾವ ಹೊಲ?"

ಮೇಜಿನ ಕೆಳಗೆ ವಕೀಲರು ಅವನ ಕಾಲು ತುಳಿದದ್ದು ನನಗೆ ಕಂಡಿತು. "ಬ್ಯಾರೆ ಹೊಲರಿ" ಎಂದರೆ ಮುಗಿಯಿತು. ಮಿಲ್ಲು ಉಳಿಯಿತು.

ವೈಜಿನಾಥ ಫೋಟೋವನ್ನೇ ನೋಡುತ್ತಾ ಕೂತ. ಆಮೇಲೆ ಹೇಳಿದ. "ಅದೇ ಹೊಲರಿ ಸಾಹೇಬ್ರ."

ಅಧಿಕಾರಿಯೇ ಕಕ್ಕಾಬಿಕ್ಕಿ. "ಮತ್ತ ಬೆಳಿ ಇಲ್ಲಂತ ಅಫಿಡವಿಟ್‌ಗೆ ಸಹಿ ಹಾಕೀರಲ್ರಿ?"

"ಅದು ವಕೀಲರು ಬರದದ್ರಿ, ನಾ ಸಹಿ ಹಾಕೀನಿ. ತಪ್ಪಾತು. ಆದ್ರ ಇದು ನನ್ನ ಕೈಲೆ ಚೆಲ್ಲಿದ ಚರಗರಿ. ಚೆಲ್ಲಿಲ್ಲಂತ ಹ್ಯಾಂಗ ಅನ್ನಲಿ?"

ಅಧಿಕಾರಿ ಅಫಿಡವಿಟ್ಟಿನ ಪಕ್ಕದಲ್ಲೇ ಆ ಫೋಟೋ ಇಟ್ಟು ಬರೆದುಕೊಂಡರು.

ವೈಜಿನಾಥ ಸತ್ಯಸಂಧ ಎಂದು ತಿಳಿಯಬೇಡಿ. ಇನ್ನೂ ಸ್ನಾನಕ್ಕೇ ಹೋಗದೆ "ದಾರ್ಯಾಗ ಇದ್ದೀನಿ" ಎಂದು ಫೋನಿನಲ್ಲಿ ನನಗೆ ಎಷ್ಟು ಸಲ ಬುರುಡೆ ಬಿಟ್ಟಿದ್ದಾನೋ. ಅಫಿಡವಿಟ್ಟಿನ ಕಥೆಯಂತೂ ಈಗಷ್ಟೇ ಕೇಳಿದಿರಿ. ಕೋರ್ಟಿಗೆ ಹೇಳಲು ಬಂದ ಸುಳ್ಳು ಜೋಳದ ನಾಲ್ಕು ಸಾಲಿನ ಮುಂದೆ ಬಾಯಿಗೆ ಬರಲಿಲ್ಲ. ಇಂಥ ಒಂದು ಜಾಗ ನನ್ನೊಳಗೆ ಇದೆಯೇ? ಹುಡುಕುತ್ತಿದ್ದೇನೆ. ನಿಮ್ಮೊಳಗೆ?

ಅರ್ಜಿ ವಜಾ ಆಯಿತು. ನಮ್ಮ ವಕೀಲರು ನೇರ ಕಾರು ಹತ್ತಿ ಹೋದರು. ಗೆದ್ದ ಮಾಣಿಕರಾವ್ ಮಾತ್ರ ಗೇಟಿನ ಹತ್ತಿರ ಸೋತವರ ಹಾಗೆ ನಿಂತಿದ್ದರು.

"ಬ್ಯಾರೆ ಹೊಲ ಅಂತೀ ಅಂತ ತಿಳಕೊಂಡಿದ್ನೋ ವೈಜು."

"ನೀವು ಅಲ್ಲೇ ಕುಂತು ಉಂಡೀರಲ್ರಿ ಕಾಕಾ. ನಿಮ್ಮ ಮುಂದ ಹ್ಯಾಂಗ ಅನ್ನಲಿ?"

ಮಾಣಿಕರಾವ್ ಹೆಗಲ ಮೇಲಿನ ಟವೆಲಿನಿಂದ ಸುಮ್ಮನೆ ಮುಖ ಒರೆಸಿಕೊಂಡರು.

ಹುಮನಾಬಾದಿಗೆ ವಾಪಸು ಬರುವಾಗ ಕೇಳಿದೆ. ಮುಂದೇನು?

"ಅಪೀಲ್ ಹಾಕ್ತೀನಿ. ಮಿಲ್ಲಿಗಿ ಬೀಗ ಬೀಳಾಕ ಬಿಡಾಂಗಿಲ್ಲ."

"ಹಾಗಾದರೆ ಕೈಮುಗಿಯುತ್ತೇನೆ ಮಾರಾಯಾ, ಇದೊಂದು ವರ್ಷ ಜೋಳ ಬಿತ್ತಬೇಡ."

ಅವನು ಗಾಡಿಯ ವೇಗ ಕಡಿಮೆ ಮಾಡಿ, ಇವನಿಗೆ ತಲೆ ಸರಿ ಇದೆಯೋ ಇಲ್ಲವೋ ಎಂಬಂತೆ ನನ್ನನ್ನು ನೋಡಿದ.

"ಮತ್ತ ಅಮಾಸಿ ಬರತದಲ್ಲೋ?"

ಹೇಳಿ, ಇಂಥ ಕಕ್ಷಿದಾರನನ್ನು ಈ ದೇಶದ ಯಾವ ವಕೀಲ ಗೆಲ್ಲಿಸಬಲ್ಲ?